ಬಿಸಿಲಿನಲ್ಲಿ ಕಾಣದ ಬಣ್ಣ

ಮಾರಪ್ಪ ಹದಿನೆಂಟು ವರ್ಷ ಬಿಸಿಲಿನಲ್ಲಿ ನಿಂತು ಸಮ್ಮಟಿಗೆ ಹೊಡೆದ. ಕುಲುಮೆ ಮೌನಾಚಾರಿಯದು. ಅಡಿಗಲ್ಲನ್ನು ಸೂರಿನ ಅಂಚಿಗೆ ಸರಿಯಾಗಿ ಹೂತಿದ್ದರು, ಅರ್ಧ ನೆರಳಿನಲ್ಲಿ, ಅರ್ಧ ಬಿಸಿಲಿನಲ್ಲಿ. ನೆರಳಿನ ಕಡೆ ಆಚಾರಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಬಿಸಿಲಿನ ಕಡೆ ಮಾರಪ್ಪ ನಿಲ್ಲುತ್ತಿದ್ದ. ಆಚಾರಿ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಒಂದು ಸಲ ತಟ್ಟಿ ಜಾಗ ತೋರಿಸಿದರೆ ಮಾರಪ್ಪನ ಸಮ್ಮಟಿಗೆ ಅಲ್ಲಿಗೇ ಬೀಳುತ್ತಿತ್ತು. ಏಟು ಒಳಗೆ ಬೀಳಬಹುದು, ಏಟು ಹಾಕುವವನು ಒಳಗೆ ಬರುವಂತಿಲ್ಲ. ಆ ಗೆರೆಯನ್ನು ಯಾರೂ ಸುಣ್ಣದಲ್ಲಿ ಎಳೆದಿರಲಿಲ್ಲ. ಮಳೆಗಾಲದಲ್ಲಿ ಸೂರಿನಿಂದ ಸುರಿದ ನೀರೇ ನೆಲದಲ್ಲಿ ಕೊರೆದಿತ್ತು.

ಇದು ಅಜ್ಜಂದಿರ ಕಾಲದ ಮಾತಲ್ಲ. ಧರ್ಮಪುರದ ಬಸ್ಸು ದಿನಕ್ಕೆ ಎರಡು ಸಲ ಬಂದು ಹೋಗುವ ಆ ಊರಿನಲ್ಲಿ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಶಾಲೆಯ ಗೋಡೆಯ ಮೇಲೆ ಎಲ್ಲರೂ ಒಂದೇ ಎಂದು ನೀಲಿ ಬಣ್ಣದಲ್ಲಿ ಬರೆದಿದ್ದಾರೆ. ಆದರೆ ಊರಾಚೆಯ ಕಾಲೊನಿಯವರು, ಎಂದರೆ ಮಾರಪ್ಪನ ಜನ, ಕುಡುಗೋಲು ತಟ್ಟಿಸಲು ತಂದರೆ ಅದನ್ನು ಆಚಾರಿಯ ಕೈಗೆ ಕೊಡುವಂತಿಲ್ಲ, ನೆಲಕ್ಕಿಡಬೇಕು. ಅವನು ಅದಕ್ಕೆ ನೀರು ಚಿಮುಕಿಸಿ, ಇಕ್ಕಳದಲ್ಲಿ ಎತ್ತಿ ಬೆಂಕಿಗೆ ಹಾಕುತ್ತಾನೆ. ಬೆಂಕಿ ಕಂಡ ಮೇಲೆ ಕಬ್ಬಿಣಕ್ಕೆ ಮೈಲಿಗೆ ಇಲ್ಲ ಎಂಬುದು ಊರಿನ ಕಾನೂನು. ಕಬ್ಬಿಣಕ್ಕೆ ಇರುವ ಈ ಸವಲತ್ತು ಮನುಷ್ಯನಿಗಿಲ್ಲ. ಮಾರಪ್ಪ ದಿನವಿಡೀ ಅದೇ ಬೆಂಕಿಯ ಝಳಕ್ಕೆ ಬೆಂದರೂ ಸಂಜೆ ಮನೆಗೆ ಹೋಗುವಾಗ ಅವನ ಮೈಲಿಗೆ ಅವನ ಮೈಮೇಲೇ ಇರುತ್ತಿತ್ತು.

ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಅಂಗೈಯಲ್ಲಿ ಬೆವರು ಬಂದರೂ ಗೊತ್ತಾಗದಷ್ಟು ದಪ್ಪ ಚರ್ಮ. ಎಡಪಾದದ ಮೇಲೆ ಒಂದು ಗೇಣು ಉದ್ದದ ಸುಟ್ಟ ಗಾಯದ ಕಲೆ. ಕಾದ ತುಂಡೊಂದು ಸಿಡಿದು ಅವನ ಕಡೆ ಬಿದ್ದಿತ್ತು. ಬಿಸಿಲಿನಲ್ಲಿ ಅದರ ಕೆಂಪು ಕಾಣಲಿಲ್ಲ, ಆರಿದ ಕಬ್ಬಿಣವೆಂದುಕೊಂಡು ಕಾಲಿನಿಂದ ಪಕ್ಕಕ್ಕೆ ಸರಿಸಲು ಹೋಗಿದ್ದ. ಆಚಾರಿ ನೆರಳಿನಲ್ಲೇ ಕೂತು, ನೋಡಿಕೊಂಡು ಕೆಲಸ ಮಾಡೋದಲ್ಲವೇನೋ ಎಂದು ಬೈದಿದ್ದ. ಹದಿನೈದು ದಿನ ಮಾರಪ್ಪ ಕುಂಟಿಕೊಂಡೇ ಸಮ್ಮಟಿಗೆ ಎತ್ತಿದ.

ಅವನು ಆ ಕುಲುಮೆ ಬಿಟ್ಟದ್ದು ಇಕ್ಕಳದ ದೆಸೆಯಿಂದ. ಎರಡು ವರ್ಷದ ಹಿಂದೆ ಮುಂಗಾರಿಗೆ ಮುಂಚೆ ದೊಡ್ಡತಿಮ್ಮಪ್ಪನ ಕೆಲಸ ನಡೆಯುತ್ತಿತ್ತು. ದೊಡ್ಡತಿಮ್ಮಪ್ಪ ಎಂದರೆ ಊರಿನ ಹಿರೀಕ, ಮೂವತ್ತು ಎಕರೆಗೆ ಕಡ್ಲೆಕಾಯಿ ಬಿತ್ತುವವನು. ಆಚಾರಿಗೆ ಆಗಲೇ ಕೈ ನಡುಕ ಶುರುವಾಗಿತ್ತು. ಇಕ್ಕಳ ಜಾರಿತು, ಕೆಂಪಗೆ ಕಾದ ಕಬ್ಬಿಣ ಇಕ್ಕಳದ ಸಮೇತ ಸೂರಿನಾಚೆ ಬಿತ್ತು. ಆರುವುದರೊಳಗೆ ತಟ್ಟದಿದ್ದರೆ ಕೆಲಸ ಕೆಡುತ್ತದೆ ಎಂದು ಮಾರಪ್ಪನ ಕೈಗೆ ಗೊತ್ತಿತ್ತು. ಅವನು ಯೋಚಿಸಲಿಲ್ಲ. ಇಕ್ಕಳ ಎತ್ತಿ, ಕಬ್ಬಿಣ ಹಿಡಿದು, ಕಲ್ಲಿನ ಮೇಲಿಟ್ಟ.

ಆಚಾರಿ ಸುತ್ತಿಗೆ ಎತ್ತಲಿಲ್ಲ. ಎದುರಿಗೆ ಬೀಡಿ ಸೇದುತ್ತ ಕೂತಿದ್ದ ದೊಡ್ಡತಿಮ್ಮಪ್ಪ ಮುಖ ಹಿಂಡಿದ. ನನ್ನ ಹೊಲದ ಕಬ್ಬಿಣ ಕಣಪ್ಪ ಅದು, ಎಂದ. ಅಷ್ಟೇ ಸಾಕಾಯಿತು. ಆಚಾರಿ ಆ ಇಕ್ಕಳವನ್ನು ಇನ್ನೊಂದು ಇಕ್ಕಳದಿಂದ ಹಿಡಿದು ಬೆಂಕಿಗೆ ತುರುಕಿದ. ಮಾರಪ್ಪ ನೋಡುತ್ತ ನಿಂತ. ತನ್ನ ಬೆರಳು ತಾಗಿದ ಜಾಗ ಕೆಂಪಾಗುವವರೆಗೆ ನೋಡಿದ. ಆಮೇಲೆ ಸಮ್ಮಟಿಗೆಯನ್ನು ನೆಲಕ್ಕೆ ಊರಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ನಡೆದ. ಆಚಾರಿ ಕರೆಯಲಿಲ್ಲ. ಎಲ್ಲಿಗೆ ಹೋಗುತ್ತಾನೆ, ಹೊಟ್ಟೆ ಕರೆದುಕೊಂಡು ಬರುತ್ತದೆ ಎಂದು ದೊಡ್ಡತಿಮ್ಮಪ್ಪ ನಕ್ಕನಂತೆ.

ಹೊಟ್ಟೆ ಅವನನ್ನು ಹಿರಿಯೂರಿಗೆ ಕರೆದುಕೊಂಡು ಹೋಯಿತು. ಹೆದ್ದಾರಿಯ ಪಕ್ಕದ ಗುಜರಿಯಲ್ಲಿ ಲಾರಿಗಳನ್ನು ಬಿಚ್ಚುವ ಕೂಲಿ ಸಿಕ್ಕಿತು. ಅಲ್ಲಿ ಕಬ್ಬಿಣ ರಾಶಿ ರಾಶಿಯಾಗಿ ಬಿದ್ದಿತ್ತು, ಯಾರೂ ಅದಕ್ಕೆ ನೀರು ಚಿಮುಕಿಸುತ್ತಿರಲಿಲ್ಲ. ಆರು ತಿಂಗಳು ದುಡಿದ. ಕೂಲಿಯ ಅರ್ಧವನ್ನು ದುಡ್ಡಿನಲ್ಲಿ ತೆಗೆದುಕೊಂಡು, ಇನ್ನರ್ಧಕ್ಕೆ ಸಾಮಾನು ಎತ್ತಿಕೊಂಡ. ಒಡೆದ ಬ್ರೇಕ್ ಡ್ರಮ್ಮು ಒಂದು, ಅದು ಒಲೆ. ಟ್ರ್ಯಾಕ್ಟರಿನ ಮುರಿದ ಆಕ್ಸಲ್ಲಿನ ತುಂಡು, ಅದು ಅಡಿಗಲ್ಲು. ಹಲ್ಲು ಸವೆದ ಹಳೇ ಬ್ಲೋಯರಿಗೆ ಸೈಕಲ್ ರಿಮ್ಮು ಕಟ್ಟಿ ತಿದಿ ಮಾಡಿಕೊಂಡ. ಲಾರಿಯ ಕಮಾನುಪಟ್ಟಿಗಳನ್ನು ಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸಿದ. ತೆಂಗಿನಕಾಯಿ ಮಂಡಿಯ ಹಿಂದೆ ಸುರಿದಿದ್ದ ಚಿಪ್ಪು ಪುಕ್ಕಟೆ. ಅದನ್ನು ಗುಂಡಿಯಲ್ಲಿ ಸುಟ್ಟು ಮಣ್ಣು ಮುಚ್ಚಿದರೆ ಒಳ್ಳೆಯ ಇದ್ದಿಲು. ಇಕ್ಕಳ ಕೊಳ್ಳಲು ದುಡ್ಡಿರಲಿಲ್ಲ. ಕಟ್ಟಡದ ಕಂಬಿಯ ಎರಡು ತುಂಡು ಚಪ್ಪಟೆ ಮಾಡಿ, ನಡುವೆ ಮೊಳೆ ಜಡಿದು, ತಾನೇ ಮಾಡಿಕೊಂಡ. ಅವನು ಮಾಡಿದ ಮೊದಲ ಸಾಮಾನು ಅದು. ವಕ್ರವಾಗಿತ್ತು, ಆದರೆ ಹಿಡಿಯುತ್ತಿತ್ತು.

ಹೆಂಡತಿ ಉಚ್ಚಂಗಮ್ಮ ಬಾಯಿ ಜೋರಿನವಳು. ಗುಜರಿ ಅಂಗಡಿಯನ್ನೇ ಮನೆ ಮುಂದೆ ತಂದು ಸುರಿದಿದ್ದೀಯ, ನನ್ನ ಒಲೆಗೆ ಒಂದು ಪಾತ್ರೆ ತರಲಿಲ್ಲ ಎಂದು ಎರಡು ದಿನ ಬೈದಳು. ಮೂರನೆಯ ದಿನ ಸೆರಗು ಸಿಕ್ಕಿಸಿಕೊಂಡು ಬಂದು ಸೈಕಲ್ ರಿಮ್ಮಿನ ಮುಂದೆ ಕೂತು ತಿರುಗಿಸಿದಳು.

ಮೊದಲ ಕುಡುಗೋಲು ಸುಟ್ಟು ಕಿಡಿಯಾಗಿ ಉದುರಿತು. ಎರಡನೆಯದನ್ನು ನೀರಿಗೆ ಅದ್ದಿದಾಗ ಟಕ್ಕನೆ ಸೀಳಿತು. ಮೂರನೆಯದು ಹುಲ್ಲಿಗೇ ಬಾಗಿತು. ಹದಿನೆಂಟು ವರ್ಷ ಕುಲುಮೆಯಲ್ಲಿ ಇದ್ದವನು! ಯಾವ ಏಟು ಎಲ್ಲಿ ಬೀಳಬೇಕೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಹದ ಮಾತ್ರ ಬರಲಿಲ್ಲ. ಹನ್ನೊಂದು ಅಲಗು ಹಾಳಾದವು. ಕಮಾನುಪಟ್ಟಿ ಮುಗಿಯುತ್ತ ಬಂತು. ಮತ್ತೆ ತರಲು ಬಸ್ ಚಾರ್ಜೂ ಇರಲಿಲ್ಲ. ತನ್ನ ಕೈಯ ಮೇಲೇ ಅವನಿಗೆ ಅಸಹ್ಯ ಬಂತು. ಇವರು ಹೇಳುವುದೇ ನಿಜವೇನೋ, ನಮ್ಮ ಕೈಗೆ ಇದು ಬರುವುದಿಲ್ಲವೇನೋ ಎಂದು ಒಂದು ಮಧ್ಯಾಹ್ನ ತಲೆ ಮೇಲೆ ಕೈ ಹೊತ್ತು ಕೂತ.

ಆವತ್ತು ಬಿಸಿಲು ಜಾಸ್ತಿ ಎಂದು ಉಚ್ಚಂಗಮ್ಮ ಒಲೆಯ ಮೇಲೆ ಹಳೇ ಗೋಣಿಚೀಲ ಕಟ್ಟಿದಳು. ನೆರಳು ಬಿತ್ತು. ಕೆಂಡದ ಅಂಚಿಗೆ ಇಟ್ಟಿದ್ದ ಅಲಗಿನ ಮೇಲೆ ಮಾರಪ್ಪ ಹಿಂದೆಂದೂ ನೋಡಿರದ ಒಂದನ್ನು ನೋಡಿದ. ಬಣ್ಣ. ಉಜ್ಜಿದ ಕಬ್ಬಿಣದ ಮೇಲೆ ಒಣಹುಲ್ಲಿನ ಹಳದಿ ಓಡಿತು, ಅದರ ಹಿಂದೆ ಬೆಲ್ಲದ ಕಂದು, ಅದರ ಹಿಂದೆ ನೀಲಿ. ಹದವೆಂದರೆ ಈ ಬಣ್ಣ. ಹಳದಿ ದಾಟಿ ಕಂದು ಬರುವಾಗ ತಣಿಸಿದರೆ ಅಲಗು ಗಟ್ಟಿಯಾಗಿಯೂ ಇರುತ್ತದೆ, ಮುರಿಯುವುದೂ ಇಲ್ಲ. ಮೌನಾಚಾರಿ ಇದನ್ನು ದಿನಾ ನೋಡುತ್ತಿದ್ದ. ಸೂರಿನಾಚೆ ನಿಂತವನಿಗೆ ಅದು ಹದಿನೆಂಟು ವರ್ಷದಲ್ಲಿ ಒಂದು ದಿನವೂ ಕಾಣಲಿಲ್ಲ. ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅವನನ್ನು ಹೊರಗೆ ನಿಲ್ಲಿಸಿದವರು ಕಿತ್ತುಕೊಂಡದ್ದು ಬರೀ ನೆರಳನ್ನಲ್ಲ, ವಿದ್ಯೆಯನ್ನು. ಅದು ಅರ್ಥವಾದಾಗ ಮಾರಪ್ಪನಿಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ಅಷ್ಟು ವರ್ಷ ದಂಡವಾಯಿತಲ್ಲ ಎಂಬ ಸಿಟ್ಟು.

ಮರುದಿನ ನಾಲ್ಕು ಜಾಲಿ ಗೂಟ ನೆಟ್ಟು, ತೆಂಗಿನ ಗರಿ ಹೊದಿಸಿ, ಚಪ್ಪರ ಹಾಕಿದ. ಆಕ್ಸಲ್ಲಿನ ತುಂಡನ್ನು ಚಪ್ಪರದ ನಟ್ಟನಡುವೆ ಹೂತ. ಗ್ಯಾರೇಜಿನವರು ಚೆಲ್ಲುವ ಸುಟ್ಟ ಆಯಿಲ್ ಒಂದು ಡಬ್ಬ ತಂದು, ನೀರಿನ ಬದಲು ಅದರಲ್ಲಿ ಅದ್ದಿದ. ಅಲಗು ಸೀಳಲಿಲ್ಲ. ಹದಿನೈದನೆಯ ಕುಡುಗೋಲಿನಿಂದ ಉಚ್ಚಂಗಮ್ಮ ಬೇಲಿಯ ತಂತಿ ಕತ್ತರಿಸಿ, ಬಾಯಿ ಮುರಿದಿದೆಯೇ ಎಂದು ಬೆರಳಾಡಿಸಿ ನೋಡಿದಳು. ಮುರಿದಿರಲಿಲ್ಲ. ಅವಳು ಹೊಗಳಲಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಲಿಗೆ ಹೋದಳು.

ಕಾಲೊನಿಯ ಹೆಂಗಸರೆಲ್ಲ ಅವನ ಬಳಿ ಕುಡುಗೋಲು ಮಾಡಿಸಿದರು. ಪಕ್ಕದ ಗೊಲ್ಲರಹಟ್ಟಿಯ ಜುಂಜೇಶ್ ಕುರಿಗಳಿಗೆ ಸೊಪ್ಪು ಕಡಿಯಲು ಮಚ್ಚು ಹೇಳಿದ್ದ. ಅವನು ಬಂದ ದಿನ ಕುರಿಗಳು ಯಾರದೋ ಹೊಲಕ್ಕೆ ನುಗ್ಗುತ್ತಿದ್ದವು. ಗಡಿಬಿಡಿಯಲ್ಲಿ ಮಾರಪ್ಪನ ಕೈಯಿಂದಲೇ ಮಚ್ಚು ಕಿತ್ತುಕೊಂಡು ಓಡಿದ. ಕೈಗೆ ಕೈ ತಾಗಿತು. ಹತ್ತು ಮಾರು ಹೋದ ಮೇಲೆ ನೆನಪಾಗಿ ತಿರುಗಿ ನೋಡಿ, ಹಟ್ಟಿಯಲ್ಲಿ ಹೇಳಬೇಡ ಎಂದು ಕೂಗಿದ.

ಆಮೇಲೆ ಊರಿನವರೂ ಬಂದರು. ಬರದೆ ವಿಧಿಯಿರಲಿಲ್ಲ. ಆಚಾರಿಗೆ ಕೈ ನಡುಕ, ಸಮ್ಮಟಿಗೆ ಹೊಡೆಯುವವರು ಯಾರೂ ಇಲ್ಲ. ಎತ್ತು ಎಳೆಯುವ ಎಡೆಕುಂಟೆಗೆ ಹಾಕುವ ಕಬ್ಬಿಣದ ಅಲಗಿಗೆ ಅಲ್ಲಿ ಕುಡ ಎನ್ನುತ್ತಾರೆ. ಕಡ್ಲೆಕಾಯಿಯ ಸಾಲಿನ ನಡುವೆ ಕಳೆ ಕೊಯ್ಯುವುದು ಅದೇ. ಹಿರಿಯೂರಿನ ಅಂಗಡಿಯಲ್ಲಿ ಅದಕ್ಕೆ ಎರಡು ಪಟ್ಟು ಬೆಲೆ. ಬಂದವರು ಚಪ್ಪರದ ಹೊರಗೆ ನಿಂತು, ಕೆಳಗಿಡು ಎನ್ನುತ್ತಿದ್ದರು. ಇವನು ಇಡುತ್ತಿದ್ದ. ಫೋನಿನಲ್ಲಿ ದುಡ್ಡು ಹಾಕುತ್ತಿದ್ದರು, ಅದಕ್ಕೆ ಮೈಲಿಗೆ ಇರಲಿಲ್ಲ. ಉಚ್ಚಂಗಮ್ಮ ಹಲ್ಲು ಕಚ್ಚುತ್ತಿದ್ದಳು. ಕೆಲಸ ನಿಲ್ಲಲಿ ಮೊದಲು, ಅಲಗು ಹೊಲಕ್ಕೆ ಇಳಿದರೆ ಅದೇ ಮಾತಾಡುತ್ತದೆ ಎಂದು ಮಾರಪ್ಪ ಸಮಾಧಾನ ಹೇಳುತ್ತಿದ್ದ. ತನ್ನ ಹೆಸರು ತನ್ನ ಅಲಗಿನಲ್ಲಿದೆ ಎಂದು ನಂಬಿದ್ದ. ಹತ್ತೊಂಬತ್ತು ಕುಡ ಊರಿಗೆ ಹೋದವು. ಆರು ದೊಡ್ಡತಿಮ್ಮಪ್ಪನ ಮನೆಗೇ ಹೋದವು, ಆಳಿನ ಕೈಯಲ್ಲಿ.

ಮಳೆ ಬಿತ್ತು, ಕಡ್ಲೆಕಾಯಿ ಮೊಳೆಯಿತು, ಕಳೆಯೂ ಎದ್ದಿತು. ಎಡೆ ಹೊಡೆಯಲು ಇಳಿದ ಮೂರನೆಯ ದಿನ ಮಾರಪ್ಪನಿಗೆ ಅರಳಿಕಟ್ಟೆಗೆ ಕರೆ ಬಂತು. ಕಟ್ಟೆಯ ಕೆಳಗೆ ಕುಡಗಳ ರಾಶಿ. ಒಂದಕ್ಕೂ ಬಾಯಿ ಇರಲಿಲ್ಲ. ತವರದ ಹಾಗೆ ಮಡಚಿ, ಸುರುಳಿ ಸುತ್ತಿ ಬಿದ್ದಿದ್ದವು. ದೊಡ್ಡತಿಮ್ಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹತ್ತು ಹನ್ನೆರಡು ಜನ. ಸ್ವಲ್ಪ ದೂರದಲ್ಲಿ, ನೆಲ ನೋಡುತ್ತ, ಮೌನಾಚಾರಿ.

"ಏನ್ಲೇ ಮಾರ, ಕಬ್ಬಿಣ ಮಾಡಿದ್ಯೋ ಹಲಸಿನ ತೊಳೆ ಮಾಡಿದ್ಯೋ?" ಎಂದ ದೊಡ್ಡತಿಮ್ಮಪ್ಪ. "ನಿಮ್ಮ ಕೈಗೆ ಹದ ಬರ್ತೈತೇನ್ಲೇ? ದುಡ್ಡು ವಾಪಸ್ ಹಾಕು. ಆ ಚಪ್ಪರ ಕಿತ್ತು ಬಿಸಾಕು. ನಾಳೆಯಿಂದ ಆಚಾರ್ರ ಹತ್ರ ಸಮ್ಮಟಿಗೆ ಹೊಡಿ."

ಎಲ್ಲರೂ ನಕ್ಕರು. ಹತ್ತೊಂಬತ್ತೂ ಕೆಟ್ಟವೇ? ಒಂದು ಕೆಡಬಹುದು, ಎರಡು ಕೆಡಬಹುದು. ಮಾರಪ್ಪ ಬಾಗಿ ಒಂದನ್ನು ಎತ್ತಿಕೊಂಡ. ಅದರ ಮೈ ಕಪ್ಪಗಿತ್ತು, ಉಗುರಿನಿಂದ ಕೆರೆದರೆ ಚಕ್ಕೆ ಉದುರಿತು. ಅವನು ಪ್ರತಿ ಕುಡವನ್ನೂ ಮರಳುಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ ಕೊಟ್ಟಿದ್ದ. ಇನ್ನೊಂದನ್ನು ಎತ್ತಿದ. ಅದೂ ಕಪ್ಪು. ಮತ್ತೊಂದು. ಅದೂ. ತಾನು ಕೊಟ್ಟ ಮೇಲೆ ಈ ಕಬ್ಬಿಣ ಮತ್ತೆ ಬೆಂಕಿ ಕಂಡಿದೆ. ಹದ ಹಾಕಿದ ಅಲಗನ್ನು ಕೆಂಪಗೆ ಕಾಯಿಸಿ ಹಾಗೇ ಆರಲು ಬಿಟ್ಟರೆ ಹದವೆಲ್ಲ ಇಳಿದುಹೋಗುತ್ತದೆ. ಉಳಿಯುವುದು ಮೆತ್ತನೆಯ ಕಬ್ಬಿಣ.

"ಇವನ್ನ ಬೆಂಕಿಗೆ ಹಾಕಿದ್ದು ಯಾರು?" ಎಂದು ಕೇಳಿದ.

ಯಾರೋ ಕೆಮ್ಮಿದರು. ಕಾಲೊನಿಯಿಂದ ಬಂದದ್ದನ್ನು ಹಾಗೇ ಮನೆಗೆ ಒಯ್ಯಲಾಗುತ್ತದೆಯೇ, ಎತ್ತಿನ ಹೆಗಲಿಗೆ ಕಟ್ಟಲಾಗುತ್ತದೆಯೇ, ಅದಕ್ಕೇ ಒಂದು ಸಲ ಬೆಂಕಿ ಕಾಣಿಸಿದ್ದು, ಅದರಲ್ಲೇನು ತಪ್ಪು ಎಂದು ಒಬ್ಬ ಗೊಣಗಿದ. ತಪ್ಪು ಮಾಡಿದ್ದೇವೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಶುದ್ಧ ಮಾಡಲು ಹೋಗಿ ಸತ್ವ ಸುಟ್ಟಿದ್ದರು. ಆದರೆ ಅಲ್ಲಿ ಒಬ್ಬನಿಗೆ ಗೊತ್ತಿತ್ತು.

ಕಟ್ಟೆಯ ಎದುರಿನ ಅಂಗಡಿಯ ಮುಂದೆ ಜುಂಜೇಶ್ ಬೀಡಿ ಕೊಳ್ಳುತ್ತ ನಿಂತಿದ್ದ. ಮಾರಪ್ಪ ಅವನನ್ನು ಕರೆದು ಮಚ್ಚು ಕೇಳಿದ. ಜುಂಜೇಶ್ ಕಟ್ಟೆಯ ಕಡೆ ನೋಡಿದ. ಕೊಟ್ಟರೆ ತನ್ನ ಹಟ್ಟಿಗೂ ಸುದ್ದಿ ಮುಟ್ಟುತ್ತದೆ. ಆದರೂ ಕಂಬಳಿಯ ಒಳಗಿನಿಂದ ಮಚ್ಚು ತೆಗೆದ. "ನಾನು ಬೆಂಕಿಗೆ ಹಾಕಿಲ್ಲಪ್ಪ. ಮೂರು ತಿಂಗಳಿಂದ ಜಾಲಿ ಕಡೀತಿದೀನಿ, ಹಂಗೇ ಐತೆ," ಎಂದ. ಮಾರಪ್ಪ ದೊಡ್ಡತಿಮ್ಮಪ್ಪನ ಕುಡವೊಂದನ್ನು ಕಟ್ಟೆಯ ಕಲ್ಲಿಗೆ ಒರಗಿಸಿ ಮಚ್ಚಿನಿಂದ ಒಂದೇ ಏಟು ಹಾಕಿದ. ಕುಡದಲ್ಲಿ ಅರ್ಧ ಬೆರಳು ಆಳ ಕಚ್ಚು ಬಿತ್ತು. ಮಚ್ಚಿನ ಬಾಯಿ ಇದ್ದ ಹಾಗೇ ಇತ್ತು. ಎರಡೂ ಒಂದೇ ಲಾರಿಯ ಪಟ್ಟಿ, ಒಂದೇ ಕೈಯ ಕೆಲಸ.

ಅವನು ಮಚ್ಚನ್ನು ಜುಂಜೇಶನ ಕೈಗೆ ಕೊಟ್ಟು, ಆಚಾರಿಯ ಮುಂದೆ ಹೋಗಿ ನಿಂತ.

"ಆಚಾರ್ರೆ, ಇವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿತ್ತು."

ಮೌನಾಚಾರಿ ತಲೆ ಎತ್ತಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ. "ಬೆಂಕಿ ಕಾಣಿಸ್ಕೊಡು ಅಂದ್ರು, ಕಾಣಿಸ್ಕೊಟ್ಟೆ," ಎಂದ. ಆಮೇಲೆ, ತನಗೆ ಹೇಳಿಕೊಳ್ಳುವ ಹಾಗೆ, "ಒಳ್ಳೇ ಹದ ಇತ್ತು," ಎಂದ.

ಬೈದಿದ್ದರೂ ಮಾರಪ್ಪನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಒಳ್ಳೆಯ ಹದ ಎಂದು ಗೊತ್ತಿದ್ದೂ ಹತ್ತೊಂಬತ್ತು ಸಲ ಸುಟ್ಟ ಮನುಷ್ಯ ಇವನು.

ದೊಡ್ಡತಿಮ್ಮಪ್ಪ ಮಾತು ಬದಲಿಸಿದ. ಆಯಿತು ಹೋಗಲಿ, ತಿರುಗಿ ಹದ ಹಾಕಿಕೊಡು, ಹೊಲ ಕಾಯುತ್ತ ಇದೆ ಎಂದ. ಹೂವು ಕಟ್ಟಿ ಕಾಯಿ ನೆಲಕ್ಕಿಳಿಯುವುದರೊಳಗೆ ಎಡೆ ಹೊಡೆಯದಿದ್ದರೆ ಆಮೇಲೆ ಸಾಲಿಗೆ ಕುಂಟೆ ಇಳಿಸುವಂತಿಲ್ಲ. ಅದಕ್ಕೆ ಹತ್ತು ದಿನ ಉಳಿದಿತ್ತು. ರಾಶಿಯ ಕಡೆ ಕೈ ತೋರಿಸಿ, ಹೊತ್ತುಕೊಂಡು ಹೋಗು ಎಂದ. ಮಾರಪ್ಪ ಮುಟ್ಟಲಿಲ್ಲ. ಬೇಕಾದವರು ನನ್ನ ಕುಲುಮೆಗೆ ತರಲಿ ಎಂದು ಹೇಳಿ ಬಂದುಬಿಟ್ಟ.

ಮೂರು ದಿನ ಯಾರೂ ಬರಲಿಲ್ಲ. ಹಿರಿಯೂರಿಗೇ ಹೋಗಾಣ, ಸಂತೆಯಲ್ಲಿ ಮಾರಿದರಾಯಿತು, ಇವರ ಸಹವಾಸ ಬೇಡ ಎಂದು ಉಚ್ಚಂಗಮ್ಮ ಹೇಳಿದಳು. ಅವನು ಒಪ್ಪಲಿಲ್ಲ. ಇಲ್ಲಿ ಕೆಟ್ಟ ಹೆಸರು ಇಲ್ಲೇ ನೆಟ್ಟಗಾಗಬೇಕು ಎಂದ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ದೊಡ್ಡತಿಮ್ಮಪ್ಪ ತಾನೇ ಬಂದ. ಕಾಲೊನಿಗೆ ಅವನು ಎಲೆಕ್ಷನ್ ಬಿಟ್ಟರೆ ಬಂದದ್ದು ಅದೇ ಮೊದಲು. ಆಳು ಸಿಗಲಿಲ್ಲವಂತೆ. ಒಂದು ಕುಡವನ್ನು ಚಪ್ಪರದ ಅಂಚಿಗೆ ಎಸೆದು, ಮೊದಲು ಒಂದು ಮಾಡು ನೋಡಾಣ ಎಂದ. ಮಾರಪ್ಪ ಅದನ್ನು ಎತ್ತಿಕೊಂಡು, ಒಳಗೆ ಬರಲು ಹೇಳಿದ.

"ಒಳಗೆ ಬಂದು ನಿಂತ್ಕಳ್ರಿ ಗೌಡ್ರೆ. ಹದ ನಿಮ್ಮ ಕಣ್ಣಿಂದಾನೇ ನೋಡ್ರಿ. ಅಲ್ಲಿಂದ ಬಣ್ಣ ಕಾಣಲ್ಲ."

"ನಾನಿಲ್ಲೇ ಇರ್ತೀನಿ. ನೀನು ಮಾಡು."

ಉಚ್ಚಂಗಮ್ಮ ರಿಮ್ಮು ತಿರುಗಿಸಿದಳು. ಮಾರಪ್ಪ ಕುಡವನ್ನು ಕಾಯಿಸಿದ, ಮಡಚಿದ್ದನ್ನು ನೆಟ್ಟಗೆ ಮಾಡಿದ, ಬಾಯಿ ತಟ್ಟಿದ. ಮತ್ತೆ ಕಾಯಿಸಿ ಆಯಿಲ್ಲಿಗೆ ಅದ್ದಿದ. ಹೊಗೆ ಎದ್ದು ಕಣ್ಣು ಉರಿಯಿತು. ಉಜ್ಜಿ ಬೆಳ್ಳಗೆ ಮಾಡಿ ಕೆಂಡದ ಮೇಲೆ ಹಿಡಿದ. ಹಳದಿ ಓಡಿತು. ಕಂದು ಬಂತು. ತಣಿಸಿದ. ಇಕ್ಕಳ ಕೆಳಗಿಟ್ಟು, ಕುಡವನ್ನು ಬರಿಗೈಯಲ್ಲಿ ಹಿಡಿದು, ಸೂರಿನ ಅಂಚಿಗೆ ಬಂದು ಕೈ ಚಾಚಿದ. ಅವನು ಮಾಡಿದ ಕುಡಗಳಲ್ಲೆಲ್ಲ ಅದೇ ಚೆನ್ನಾಗಿತ್ತು.

"ಕೆಳಗಿಡು," ಎಂದ ದೊಡ್ಡತಿಮ್ಮಪ್ಪ.

"ಕೈಗೆ ಇಸ್ಕಳ್ರಿ."

"ಕೆಳಗಿಡ್ಲೇ. ಹೊಲಕ್ಕೆ ಹೊತ್ತಾಗ್ತೈತೆ."

ಮಾರಪ್ಪ ಇಡಲಿಲ್ಲ. ಹದಿನೆಂಟು ವರ್ಷ ಸಮ್ಮಟಿಗೆ ಎತ್ತಿದ ತೋಳು, ಒಂದು ಕುಡ ಹಿಡಿದು ನಿಲ್ಲುವುದು ಅದಕ್ಕೇನೂ ಕಷ್ಟವಲ್ಲ. ಎಷ್ಟೋ ಹೊತ್ತು ಹಿಡಿದೇ ನಿಂತ. ದೊಡ್ಡತಿಮ್ಮಪ್ಪನ ಕೈ ಪಂಚೆಯ ಮಡಿಲಿನಿಂದ ಹೊರಗೆ ಬರಲಿಲ್ಲ. ಇವನು ಇದನ್ನು ಒಯ್ದು ಮತ್ತೆ ಬೆಂಕಿಗೇ ಹಾಕುತ್ತಾನೆ ಎಂದು ಮಾರಪ್ಪನಿಗೆ ಖಾತ್ರಿಯಾಯಿತು. ಹಾಕುತ್ತಾನೆ, ಅದು ಮಡಚುತ್ತದೆ, ಮತ್ತೆ ಕಟ್ಟೆಗೆ ಕರೆಯುತ್ತಾನೆ. ಕೊಡದಿದ್ದರೆ ಊರಿನ ಕೆಲಸ ಪೂರಾ ಹೋಯಿತು, ಕಟ್ಟಿಕೊಂಡದ್ದೆಲ್ಲ ಮಣ್ಣು. ಅವನು ಹೆಂಡತಿಯ ಮುಖ ನೋಡಿದ. ಅವಳು ರಿಮ್ಮಿಗೆ ಕೈ ಹಾಕಿ ತಿರುಗಿಸತೊಡಗಿದಳು. ಕೆಂಡ ಕೆಂಪಾಯಿತು.

ಮಾರಪ್ಪ ಹಿಂದಕ್ಕೆ ಹೋಗಿ ಆ ಕುಡವನ್ನು ಬೆಂಕಿಗೆ ಇಟ್ಟ.

"ಏನ್ಲೇ ಮಾಡ್ತಿದೀಯ?"

"ನೀವು ಆಚಾರ್ರ ಹತ್ರ ಮಾಡಿಸೋದನ್ನ ಇಲ್ಲೇ ಮಾಡ್ಕೊಡ್ತೀನಿ ಗೌಡ್ರೆ."

ಹಳದಿ, ಕಂದು, ನೀಲಿ, ಎಲ್ಲವೂ ಅವನ ಕಣ್ಣ ಮುಂದೆಯೇ ಓಡಿಹೋದವು. ಆಮೇಲೆ ಬೂದಿಯ ಬಣ್ಣ, ಆಮೇಲೆ ಕೆಂಪು. ತನ್ನ ಕೈಯಾರೆ ಹಾಕಿದ ಹದವನ್ನು ತನ್ನ ಕೈಯಾರೆ ಸುಡುವಾಗ ಅವನಿಗೆ ಅಳು ಬಂದಂತಾಯಿತು. ಅಳಲಿಲ್ಲ. ಇಕ್ಕಳದಲ್ಲಿ ಎತ್ತಿ ತಂದು ಸೂರಿನಾಚೆ, ಬಿಸಿಲಿಗೆ, ದೊಡ್ಡತಿಮ್ಮಪ್ಪನ ಕಾಲಿನಿಂದ ಒಂದು ಮಾರು ದೂರಕ್ಕೆ ಇಟ್ಟ.

"ಈಗ ಮೈಲಿಗೆ ಇಲ್ಲ. ಹದಾನೂ ಇಲ್ಲ. ತಗಂಡೋಗ್ರಿ. ಈ ಕುಲುಮೇಲಿ ಇನ್ಮ್ಯಾಕೆ ಕೈಯಿಂದ ಕೈಗೆ ಇಸ್ಕಳೋರಿಗೆ ಮಾತ್ರ ಕೆಲಸ."

ದೊಡ್ಡತಿಮ್ಮಪ್ಪನ ಮುಖ ಕಪ್ಪಿಟ್ಟಿತು. ಬಾಯಿಗೆ ಬಂದಂತೆ ಬೈದ. ನಿನ್ನ ಚಪ್ಪರ ಎಷ್ಟು ದಿನ ನಿಲ್ಲುತ್ತದೋ ನೋಡುತ್ತೇನೆ ಎಂದ. ಬೈಯುತ್ತಲೇ, ನೆಲದ ಮೇಲೆ ಇಟ್ಟದ್ದನ್ನು ಎತ್ತಿಕೊಳ್ಳುವ ಅಭ್ಯಾಸದಲ್ಲಿ ಬಾಗಿದ. ಬಿಸಿಲಿನಲ್ಲಿ ಕುಡ ಕಪ್ಪಗೆ, ಆರಿದ ಕಬ್ಬಿಣದ ಹಾಗೆ ಬಿದ್ದಿತ್ತು. ಮಾರಪ್ಪನಿಗೆ ತನ್ನ ಎಡಪಾದ ಉರಿದಂತಾಯಿತು. ಸುಮ್ಮನಿರಬಹುದಾಗಿತ್ತು. ಸುಮ್ಮನಿರು ಎಂದು ಮನಸ್ಸು ಹೇಳಿತು ಕೂಡ.

"ಮುಟ್ಟಬ್ಯಾಡ್ರಿ," ಎಂದ.

ಹುಟ್ಟಿದಾಗಿನಿಂದ ಅವನು ಕೇಳುತ್ತ ಬಂದ ಮಾತು ಅದು. ಬಾಯಿಂದ ಆಡಿದ್ದು ಅದೇ ಮೊದಲು. ದೊಡ್ಡತಿಮ್ಮಪ್ಪನ ಕೈ ನಡುವೆಯೇ ನಿಂತಿತು. ಝಳ ಬೆರಳಿಗೆ ತಾಗಿರಬೇಕು, ಹಿಂದಕ್ಕೆ ಎಳೆದುಕೊಂಡ. ಬಿಟ್ಟು ಹೋಗುವಂತೆಯೂ ಇರಲಿಲ್ಲ, ಅವನ ಆರು ಕುಡಗಳಲ್ಲಿ ಹದವಿಲ್ಲದಿದ್ದರೂ ನೆಟ್ಟಗಿದ್ದದ್ದು ಅದೊಂದೇ. ಎತ್ತಿಕೊಳ್ಳಲು ಇಕ್ಕಳ ಇರಲಿಲ್ಲ. ಇಕ್ಕಳ ಮಾರಪ್ಪನ ಕೈಯಲ್ಲಿತ್ತು.

ಉಚ್ಚಂಗಮ್ಮ ರಿಮ್ಮು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪರದ ಒಳಗೆ ಜಾಗ ಇದೆ, ನೆರಳಿಗೆ ಬನ್ನಿ ಎಂದು ಕರೆದಳು. ಅವನು ಬರಲಿಲ್ಲ. ಕಬ್ಬಿಣ ಆರುವವರೆಗೂ ದೊಡ್ಡತಿಮ್ಮಪ್ಪ ಬಿಸಿಲಿನಲ್ಲೇ ನಿಂತಿದ್ದ.